ಮೈಸಮ್ಮ ನೋಡುವ ದಿಕ್ಕು

ಸೂಗಮ್ಮ ಗೋಡೆಯ ಮೇಲಿನ ಚಿತ್ರದ ಪಿನ್ನುಗಳನ್ನು ಉಗುರಿನಿಂದ ಎಬ್ಬಿಸಿ ತೆಗೆದಳು, ಚಿತ್ರವನ್ನು ತಲೆಕೆಳಗು ಮಾಡಿದಳು, ಮತ್ತೆ ಪಿನ್ನು ಒತ್ತಿದಳು. ಗೃಹನಿರ್ಮಾಣ ಸಂಘದ ಕೋಣೆಯಲ್ಲಿ ಕೂತಿದ್ದ ಗಂಡಸರು ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿ ಮುಂದಕ್ಕೆ ಬಾಗಿದರು. ಅಲ್ಲಿಯವರೆಗೆ ಬೋರಲು ಹಾಕಿದ ಬಾಣಲೆಯಂತೆ ಉಬ್ಬಿ ಕಾಣುತ್ತಿದ್ದ ಅವರ ಜಮೀನು ಕಣ್ಣೆದುರೇ ಒಳಕ್ಕೆ ಇಳಿದು ಬೋಗುಣಿಯಾಗಿತ್ತು.

"ಇದೇನು ಮೇಡಂ ಕಣ್ಕಟ್ಟು?" ಎಂದರು ಸಂಘದ ಅಧ್ಯಕ್ಷ ನರಹರಿ.

"ಕಣ್ಕಟ್ಟು ಇಷ್ಟು ದಿನ ಇತ್ರಿ. ಈಗ ಬಿಚ್ಚೇನಿ," ಎಂದಳು ಸೂಗಮ್ಮ.

ಎಂಬತ್ತರ ದಶಕದ ಮಾತು. ಕುಷಾಯಿಗೂಡದ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು ನಂಬಿಕೊಂಡು ಬಂದ ಕನ್ನಡ ಕುಟುಂಬಗಳಿಗೆ ಹೈದರಾಬಾದಿನಲ್ಲಿ ಎಲ್ಲವೂ ಇತ್ತು, ಸ್ವಂತ ಮನೆಯೊಂದು ಇರಲಿಲ್ಲ. ಮೈಸೂರಿನವರು, ರಾಯಚೂರಿನವರು, ಬೀದರಿನವರು. ಮನೆಯೊಳಗೆ ಅವರವರ ಕನ್ನಡ, ಹೊಸಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಅವರೆಲ್ಲ ಸೇರಿ ಸಂಘ ಕಟ್ಟಿಕೊಂಡು, ಸಿಟಿ ಬಸ್ಸು ಸುತ್ತು ಹೊಡೆದು ಹಿಂದಿರುಗುವ ಜಾಗದಿಂದಲೂ ಆಚೆ, ಒಂದು ಹಳ್ಳಿಯ ಅಂಚಿನಲ್ಲಿ ಜಮೀನು ಕೊಂಡಿದ್ದರು. ನಿವೇಶನಗಳ ಹಂಚಿಕೆಯೂ ಆಗಿತ್ತು. ಸೂಗಮ್ಮನ ಗಂಡ ಅಮರೇಶಪ್ಪನಿಗೆ ಮೂಲೆಯ ನಿವೇಶನ ಬಂದಿತ್ತು. ಕಾರ್ಖಾನೆಯಿಂದ ಬಂದವನೇ ಚಹಾ ಕುಡಿಯುತ್ತಾ ಅವನು ಅಲ್ಲಿ ದಿನಾ ಮನೆ ಕಟ್ಟುತ್ತಿದ್ದ: ಪಡಸಾಲೆ ಇಲ್ಲಿ, ದೇವರ ಜಗಲಿ ಅಲ್ಲಿ, ಹಿಂದೆ ಒಂದು ದಾಳಿಂಬೆ ಗಿಡ.

ಜಮೀನು ಮಾರಿದವನು ವಿಮಾನದಿಂದ ತೆಗೆದ ಚಿತ್ರವೊಂದನ್ನು ದೊಡ್ಡದು ಮಾಡಿಸಿ ಸಂಘಕ್ಕೆ ಕೊಟ್ಟಿದ್ದ. ಅಂಥ ಚಿತ್ರಗಳು ಹೊರಗಿನವರ ಕೈಗೆ ಬರುವಂತಿಲ್ಲ. ಅವನು ಎಲ್ಲಿಂದ ತಂದನೆಂದು ಯಾರೂ ಕೇಳಲಿಲ್ಲ. ಉತ್ತರ ದಿಕ್ಕು ಮೇಲೆ ಬರುವಂತೆ ಅದನ್ನು ಕ್ರಮವಾಗಿ ಗೋಡೆಗೆ ಹಚ್ಚಿದ್ದರು. ಅದರಲ್ಲಿ ತಮ್ಮ ಜಮೀನು ಸುತ್ತಲಿನ ನೆಲಕ್ಕಿಂತ ಎತ್ತರವಾಗಿ ಕಾಣುತ್ತದೆಂದು ಎಲ್ಲರಿಗೂ ಹೆಮ್ಮೆ. ಸಭೆಗಳಿಗೆ ಅಮರೇಶಪ್ಪನೇ ಹೋಗಿಬರುತ್ತಿದ್ದುದರಿಂದ ಸೂಗಮ್ಮ ಆ ಕೋಣೆಗೆ ಕಾಲಿಟ್ಟದ್ದು ಅವತ್ತೇ ಮೊದಲು.

ಅವಳು ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವಳು. ಅವಳ ತಂದೆ ತಾಲ್ಲೂಕು ಕಚೇರಿಯಲ್ಲಿ ಉರ್ದು ಬರೆಯುವ ಗುಮಾಸ್ತರಾಗಿದ್ದರು, ಅಕ್ಷರ ಮುತ್ತಿನಂತೆ ಎಂದು ಹೆಸರಾದವರು. ರಾಜ್ಯಗಳ ಗಡಿ ಹೊಸದಾಗಿ ಬರೆದ ವರ್ಷ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಅವರ ಉರ್ದು ಯಾರಿಗೂ ಬೇಡವಾಯಿತು. ಕೂತ ಕುರ್ಚಿ ಅದೇ, ಮಸಿ ಅದೇ, ಮನುಷ್ಯ ಮಾತ್ರ ಒಂದೇ ವಾರದಲ್ಲಿ ಜಾಣನಿಂದ ದಡ್ಡನಾಗಿದ್ದ. ಹುಡುಗಿ ಸೂಗಮ್ಮ ಅದನ್ನು ನೋಡಿದ್ದಳು. ನಕ್ಷೆ ಎಂದರೆ ಗೋಡೆಯ ಮೇಲಿನ ಕಾಗದವೆಂದು ಅವಳು ಮತ್ತೆಂದೂ ತಿಳಿಯಲಿಲ್ಲ.

ಧಾರವಾಡದಲ್ಲಿ ಅವಳು ಭೂಗೋಳ ಓದಿದಳು. ಆಗ ಭೂಗೋಳಕ್ಕೆ ನೆಂಟರೇ ಇರಲಿಲ್ಲ. ಕಲಾ ವಿಭಾಗದವರು ಇದು ವಿಜ್ಞಾನ ಎಂದು ದೂರ ಕೂರಿಸುತ್ತಿದ್ದರು, ವಿಜ್ಞಾನದವರು ಬರೀ ಕತೆ ಎನ್ನುತ್ತಿದ್ದರು. ಅಲ್ಲಿ ಪಾಠ ಹೇಳುತ್ತಿದ್ದ ಕೃಷ್ಣಾಬಾಯಿ ಎಂಬಾಕೆಗೆ ಎರಡು ಪಕ್ಷದವರನ್ನೂ ಕಂಡರಾಗದು. ಬಂಡೆಯ ಪದರದ ಚಿತ್ರ ತೋರಿಸಿದರೂ ಸರಿ, ಹಳೆಯ ಪ್ರವಾಸಿಯೊಬ್ಬನ ಬರಹ ಓದಿದರೂ ಸರಿ, ಆಕೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದನ್ನ ಯಾರು, ಎಲ್ಲಿ ನಿಂತು, ಯಾವ ಕಾಲದಾಗ ನೋಡ್ಯಾರ?" ಉತ್ತರ ಹೇಳದ ವಿದ್ಯಾರ್ಥಿಯನ್ನು ಕೂರಲು ಬಿಡುತ್ತಿರಲಿಲ್ಲ. ಸೂಗಮ್ಮ ಎಷ್ಟೋ ಸಲ ತಾಸು ಪೂರ್ತಿ ನಿಂತೇ ಇದ್ದಳು.

ಹೈದರಾಬಾದಿಗೆ ಬಂದ ಮೇಲೆ ಅವಳಿಗೆ ಕೇಂದ್ರ ಸರ್ಕಾರದ ನಕ್ಷೆ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ವಿಮಾನದಿಂದ ತೆಗೆದ ಚಿತ್ರಗಳನ್ನು ಓದುವುದು ಅವಳ ಕಸುಬು. ಒಂದೇ ನೆಲದ ಎರಡು ಚಿತ್ರ, ವಿಮಾನ ಸ್ವಲ್ಪ ಮುಂದೆ ಸರಿದ ಮೇಲೆ ತೆಗೆದದ್ದು ಎರಡನೆಯದು. ಜೋಡಿ ಮಸೂರದ ಉಪಕರಣದ ಕೆಳಗಿಟ್ಟು ಒಂದೊಂದನ್ನು ಒಂದೊಂದು ಕಣ್ಣಿನಿಂದ ನೋಡಿದರೆ ಚಪ್ಪಟೆ ಕಾಗದದಿಂದ ಗುಡ್ಡ ಏಳುತ್ತದೆ, ಹಳ್ಳ ಇಳಿಯುತ್ತದೆ. ಎಡಬಲ ಅದಲುಬದಲಾದರೆ ಗುಡ್ಡ ಗುಂಡಿಯಾಗುತ್ತದೆ, ಗುಂಡಿ ಗುಡ್ಡವಾಗುತ್ತದೆ. ಒಂದೇ ಚಿತ್ರವನ್ನು ಬರಿಗಣ್ಣಿನಿಂದ ನೋಡುವಾಗಲೂ ಅಂಥದೇ ಮೋಸ ಉಂಟು. ಬೆಳಕು ಮೇಲಿನಿಂದ ಬೀಳುತ್ತದೆ ಎಂಬುದು ಮನುಷ್ಯನ ಕಣ್ಣಿಗೆ ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಆದರೆ ನಮ್ಮ ನಾಡಿನಲ್ಲಿ ಚಳಿಗಾಲದ ಸೂರ್ಯ ದಕ್ಷಿಣದಲ್ಲಿರುತ್ತಾನೆ. ಉತ್ತರ ಮೇಲಾಗಿ ಚಿತ್ರ ಹಿಡಿದರೆ ಬೆಳಕು ಕೆಳಗಿನಿಂದ ಬಂದಂತಾಗಿ, ಕಣ್ಣು ಮೋಸಹೋಗಿ, ತಗ್ಗನ್ನು ದಿಬ್ಬವೆಂದು ಓದುತ್ತದೆ. ನಕ್ಷೆಯ ಶಿಸ್ತಿನ ಪ್ರಕಾರ ಸರಿಯಾಗಿ ತೂಗುಹಾಕಿದ ಚಿತ್ರವೇ ಸುಳ್ಳು ಹೇಳುತ್ತದೆ.

ಸಂಘದ ಕೋಣೆಯಲ್ಲಿ ಆದದ್ದು ಅದೇ.

"ಈ ಕರಿ ಗೆರಿ ಏನಂತ ತಿಳದೀರಿ?" ಎಂದು ಸೂಗಮ್ಮ ಕೇಳಿದಳು.

"ಹಳೇ ಕಾಲುವೆ," ಎಂದರು ನರಹರಿ. ಅವರು ಮೈಸೂರು ಕಡೆಯವರು, ಕಾರ್ಖಾನೆಯ ಹಿರಿಯ ಎಂಜಿನಿಯರು, ಸಂಘಕ್ಕಾಗಿ ಭಾನುವಾರಗಳನ್ನೆಲ್ಲ ಸುಟ್ಟುಕೊಂಡವರು. ಮೋಸದ ಮನುಷ್ಯರಲ್ಲ.

"ಹೋದ ತಿಂಗಳ ನೀವೆಲ್ಲಾ ಆ ಕಾಲುವಿ ಮ್ಯಾಲೆ ಏರಿ ನಿಂತು ಮೈಸಮ್ಮಗ ಕಾಯಿ ಒಡದು ಬಂದೀರಿ. ಕಾಲುವಿಗೆ ಏರತಾರೋ, ಇಳೀತಾರೋ?"

ಯಾರೋ ಹಿಂದಿನಿಂದ ಕಿಸಕ್ಕೆಂದರು. ಆ ಜಮೀನಿನ ಒಂದು ಮಗ್ಗುಲಿಗೆ ಉದ್ದಕ್ಕೆ ಮಣ್ಣಿನ ದಿಬ್ಬವಿತ್ತು. ಅದರ ಮೇಲೆ ಬೇವಿನ ಮರದ ಬುಡದಲ್ಲಿ ಕುಂಕುಮ ಅರಿಸಿನ ಬಳಿದ ಕಲ್ಲು, ಹಳ್ಳಿಯವರ ಕಟ್ಟ ಮೈಸಮ್ಮ. ಎಲ್ಲರೂ ಅಲ್ಲಿ ಏರಿದ್ದರು. ಏರಿದ ಕಾಲಿಗೂ ಚಿತ್ರ ನೋಡಿದ ಕಣ್ಣಿಗೂ ಯಾರೂ ತಾಳೆ ಹಾಕಿ ನೋಡಿರಲಿಲ್ಲ.

"ಸರಿ, ತಗ್ಗು ಅಂತಲೇ ಇಟ್ಕೊಳ್ಳೋಣ," ಎಂದರು ನರಹರಿ. "ನಾವು ಲೆವೆಲ್ ತೆಗೆಸಿದ್ದೀವಿ ಮೇಡಂ. ಒಂದಾಳೆತ್ತರದ ತಗ್ಗೂ ಇಲ್ಲ. ಆ ದಿಬ್ಬ ಕಡಿದು ಮಣ್ಣನ್ನ ಇದಕ್ಕೆ ತುಂಬಿದ್ರೆ ಎಲ್ಲ ಸಮ. ದೇವಿಯನ್ನ ರಸ್ತೆ ಪಕ್ಕಕ್ಕೆ ತಂದು, ಪೂರ್ವಕ್ಕೆ ಮುಖ ಮಾಡಿ, ಗೋಪುರ ಇಟ್ಟು ಗುಡಿ ಕಟ್ಟಿಸ್ತೀವಿ. ಈಗ ನೋಡಿ, ಪಾಪ, ರಸ್ತೆಗೆ ಬೆನ್ನು ಮಾಡಿ ಪಶ್ಚಿಮಕ್ಕೆ ಕೂತಿದಾಳೆ. ಅದೂ ಸರಿಹೋಗುತ್ತೆ."

"ಅದು ದಿಬ್ಬಲ್ರಿ. ಒಡ್ಡು. ಕೆರಿ ಒಡ್ಡು."

"ಕೆರೆ ಎಲ್ಲಿದೆ?"

"ನಾವು ಮನಿ ಕಟ್ಟಾಕ ಹೊಂಟೀವಲ್ಲ, ಅಲ್ಲೇ."

"ದಾಖಲೆ ಪ್ರಕಾರ ಒಣ ಭೂಮಿ."

"ಬ್ಯಾಸಿಗ್ಯಾಗ ಬಂದು ನೋಡಿದವರು ಒಣ ಭೂಮಿ ಅಂತನ ಬರೀತಾರ. ಅವರು ಸುಳ್ಳು ಬರದಿಲ್ಲ. ನೋಡಿದ ಕಾಲ ಬರೀಲಿಲ್ಲ, ಅಷ್ಟ."

ನರಹರಿ ಕನ್ನಡಕ ತೆಗೆದು ಒರೆಸಿಕೊಂಡರು. ಸಭೆಗಳಲ್ಲಿ ಗೆಲ್ಲುವ ಮೊದಲು ಅವರು ಹಾಗೆ ಮಾಡುತ್ತಿದ್ದರು. "ಮೇಡಂ, ಅಳತೆ ನಮ್ಮಿಬ್ಬರದೂ ಒಂದೇ. ಅದನ್ನ ನೀವು ಕೆರೆ ಅಂತ ಓದ್ತೀರಿ, ನಾನು ತುಂಬಬಹುದಾದ ತಗ್ಗು ಅಂತ ಓದ್ತೀನಿ. ಅದು ನಿಮ್ಮ ದೃಷ್ಟಿ, ಇದು ನನ್ನ ದೃಷ್ಟಿ. ತಪ್ಪು ಯಾರದ್ದೂ ಅಲ್ಲ."

"ದೃಷ್ಟಿ ನಂದು, ಒಪ್ಪತೀನ್ರಿ," ಎಂದಳು ಸೂಗಮ್ಮ. "ತಗ್ಗು ನಂದಲ್ಲ."

ಕೈ ಎತ್ತುವ ಹೊತ್ತಿಗೆ ಅವಳ ಪರವಾಗಿ ಒಂದು ಕೈಯೂ ಏಳಲಿಲ್ಲ. ಅಮರೇಶಪ್ಪ ತನ್ನ ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಅವನು ಮನೆಗೆ ಬಂದು ಚಪ್ಪಲಿ ಬಿಡುವಾಗ ಶುರುಮಾಡಿದ. "ಊರ ಮಂದಿಗೆಲ್ಲಾ ಒಂದು ಕಾಣತೈತಿ, ನಿನಗ ಒಂದು ಕಾಣತೈತಿ. ಆಫೀಸಿನ ಕನ್ನಡಕ ಆಫೀಸಿನಾಗ ಇಟ್ಟು ಬರಬಾರದೇನು?"

"ಇಟ್ಟ ಬಂದೀನ್ರಿ. ಬರಿಗಣ್ಣಿಗೇ ಕಂಡದ್ದು."

"ಸೂಗಮ್ಮಾ, ನನಗ ಒಂದು ಮನಿ ಬೇಕು. ಬಾಡಿಗಿ ಮನಿ ಗ್ವಾಡಿಗೆ ಮೊಳಿ ಹೊಡಿಬೇಕಂದ್ರ ಮಾಲಕನ್ನ ಕೇಳಬೇಕು. ಸಾಕಾಗೇತಿ."

"ನನಗೂ ಬೇಕ್ರಿ. ನೀರಿನಾಗ ಬ್ಯಾಡ."

"ನೀರು ಎಲ್ಲೈತಿ? ಮೂರ್ನಾಕು ವರ್ಷ ಆತು, ಒಂದು ಹನಿ ನಿಂತಿಲ್ಲ!"

"ಮೂರ್ನಾಕು ವರ್ಷ ನೀವು ನೋಡೀರಿ. ಒಡ್ಡು ಹಾಕಿದವರು ಎಷ್ಟು ವರ್ಷ ನೋಡಿ ಹಾಕಿದ್ರೋ?"

ಅಮರೇಶಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಅವನ ದುಃಖ ಸಣ್ಣದೇನಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೆ ಗಂಡನ ದುಃಖಕ್ಕಾಗಿ ತಗ್ಗನ್ನು ದಿಬ್ಬ ಎನ್ನಲು ಅವಳಿಗೆ ಬರುತ್ತಿರಲಿಲ್ಲ.

ಮುಂದಿನ ರಜೆಯ ದಿನ ಅವಳು ಒಬ್ಬಳೇ ಆ ಏರಿಯ ಮೇಲೆ ಹೋಗಿ ನಿಂತಳು. ಕೆಳಗೆ ಸರ್ಕಾರಿ ಜಾಲಿಯ ಪೊದೆಗಳು, ಬಿರುಕು ಬಿಟ್ಟ ಕರಿಮಣ್ಣು, ಅದರ ಮೇಲೆ ಸುಣ್ಣದ ಗೆರೆ ಎಳೆದು ಗುರುತಿಸಿದ ನಿವೇಶನಗಳು. ನಿಂತು ನೋಡಿದರೆ ಅದು ಸಮತಟ್ಟಾದ ಬಯಲೇ. ನರಹರಿಯವರ ಕಣ್ಣಿನಲ್ಲಿ ದೋಷವಿರಲಿಲ್ಲ, ಇದನ್ನೂ ಅವಳು ಮನಸ್ಸಿನಲ್ಲಿ ಒಪ್ಪಿಕೊಂಡಳು.

ಮೈಸಮ್ಮನ ಪೂಜೆ ಮಾಡುತ್ತಿದ್ದವಳು ಯಾದಮ್ಮ ಎಂಬ ಹೆಂಗಸು. ತೆಲುಗಿನವಳು, ಬಾಯಿ ಜೋರು. ಕಸಬರಿಗೆ ಬದಿಗಿಟ್ಟು, ಏನು ಬೇಕು ಎಂಬಂತೆ ನೋಡಿದಳು. ಸೂಗಮ್ಮ ತನಗೆ ಬರುವ ತೆಲುಗಿನಲ್ಲಿ, ಅಮ್ಮ ಯಾಕೆ ರಸ್ತೆಗೆ ಬೆನ್ನು ಹಾಕಿದ್ದಾಳೆ ಎಂದು ಕೇಳಿದಳು.

"ಅಮ್ಮ ನೀಳ್ಳ ದಿಕ್ಕು ಜೂಸ್ತದಿ," ಎಂದಳು ಯಾದಮ್ಮ. ಅಮ್ಮ ನೀರಿನ ಕಡೆ ನೋಡುತ್ತಾಳೆ. ಇದರಲ್ಲಿ ಕೇಳುವುದೇನಿದೆ ಎಂಬ ಧಾಟಿ. ಕಟ್ಟ ಎಂದರೆ ಕೆರೆಯ ಏರಿ, ಅದನ್ನು ಕಾಯುವ ದೇವಿ ಆಕೆ. ಕಾಯುವವಳು ಕಾಯುವುದರ ಕಡೆಗೇ ಮುಖ ಮಾಡಿ ಕೂರಬೇಕು.

ಸೂಗಮ್ಮನಿಗೆ ಇನ್ನೇನು ತನಗೆ ಜೊತೆಗಾತಿ ಸಿಕ್ಕಳು ಎನಿಸಿತು. ಆ ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ನೀರು ಬರದಿರುವುದಕ್ಕೆ ಯಾದಮ್ಮನ ಪ್ರಕಾರ ಕಾರಣ ಮಳೆಯಲ್ಲ. ಊರಿನ ಎರಡು ಮನೆತನಗಳು ಜಗಳವಾಡಿ ಅಮ್ಮನಿಗೆ ಕೋಣ ಬಿಡುವುದನ್ನು ನಿಲ್ಲಿಸಿದ್ದು. ಅಮ್ಮ ಇಲ್ಲಿ ಬಿಸಿಲಲ್ಲಿ ಕೂತು ಸೊರಗಿದ್ದಾಳೆ, ಕಾಲೋನಿಯವರು ಸಿಮೆಂಟಿನ ಗುಡಿ ಕಟ್ಟಿಸಿದರೆ ಯಾಕೆ ಬೇಡ? ಗುಡಿಗೆ ಗೇಟು ಇರುತ್ತದೆ, ಕರೆಂಟು ಇರುತ್ತದೆ. ನರಹರಿ ಸಾರು ಮಾತು ಕೊಟ್ಟಿದ್ದಾರೆ. ಆದರೆ ಒಂದು ಕಟ್ಟಳೆ ಇದೆ, ಅದನ್ನು ತಾನೂ ಮೀರುವಂತಿಲ್ಲ. ಆಷಾಢದ ಬೋನಾಲ ಹಬ್ಬದ ದಿನ, ಅಮ್ಮನನ್ನು ಎಬ್ಬಿಸಬೇಕೆಂದರೆ ಸಂಘದ ಪ್ರತಿ ಮನೆಯ ಹೆಣ್ಣು ಹೊಸ ಗಡಿಗೆಯಲ್ಲಿ ಅನ್ನದ ಬೋನ ಹೊತ್ತು ತಂದು, ಇಳಿಸಿ, ತನ್ನ ಬಾಯಿಂದಲೇ ಅಮ್ಮನನ್ನು ಕೇಳಬೇಕು. ಎಲ್ಲರ ಮಾತೂ ಒಂದೇ ಆಗಬೇಕು. ಒಬ್ಬಳ ಮಾತು ಬೇರೆಯಾದರೂ ಅಮ್ಮ ಕದಲುವುದಿಲ್ಲ, ಮತ್ತೆ ಕೇಳಲು ಮುಂದಿನ ಆಷಾಢ ಬರಬೇಕು.

ಸೂಗಮ್ಮ ನಕ್ಕಳು. ಹಾಗಾದರೆ ತಾನು ಬೋನ ತರುವುದೇ ಇಲ್ಲ, ಮುಗಿಯಿತಲ್ಲ ಎಂದಳು. ದೇವರುಗಳ ಗೊಡವೆ ಅವಳಿಗೆ ಮೊದಲೇ ಕಡಿಮೆ. ಕೊರಳಿನ ಲಿಂಗವನ್ನೂ ತಾಯಿಯ ಮಾತಿಗೆ ಕಟ್ಟಿಕೊಂಡಿದ್ದಳೇ ಹೊರತು ಬೇರೇನೂ ಇರಲಿಲ್ಲ.

ಅವಳ ನಿರಾಕರಣೆ ಸಂಘದ ಮನೆಗಳಲ್ಲೆಲ್ಲ ಹಬ್ಬಿತು. ಒಂದೊಂದು ಮನೆಯವರು ಅದನ್ನು ಒಂದೊಂದು ಬಗೆಯಲ್ಲಿ ಓದಿದರು. ಲಿಂಗಾಯತರಾದ್ದರಿಂದ ಮಾಂಸ ತಿನ್ನುವ ದೇವಿಗೆ ತಲೆಬಾಗುವುದಿಲ್ಲ ಎಂದು ಕೆಲವರು. ಇವಳಿಗಿಂತ ಒಳ್ಳೆಯ ನಿವೇಶನ ಬೇರೆಯವರಿಗೆ ಬಂದಿದೆ, ಹೊಟ್ಟೆಕಿಚ್ಚು ಎಂದು ಕೆಲವರು. ಮಕ್ಕಳಿಲ್ಲದವಳಿಗೆ ಮನೆ ಯಾಕೆ ಬೇಕು ಎಂದೂ ಒಬ್ಬರು ಹೇಳಿದರು. ಪಕ್ಕದ ಮನೆಯ ಶರಣಬಸಮ್ಮ ಇದನ್ನೆಲ್ಲ ಹೊತ್ತು ತಂದು ಸೂಗಮ್ಮನ ಅಡುಗೆಮನೆಯ ಬಾಗಿಲಲ್ಲಿ ಸುರಿದಳು.

"ಇದರಾಗ ಯಾವುದು ಖರೇ, ಅಕ್ಕಾ?"

"ನೀ ಯಾವುದು ನಂಬೀದಿ?"

"ನನಗ ಹೊಟ್ಟಿಕಿಚ್ಚಿಂದು ಸೇರಲಿಲ್ಲ ನೋಡ್ರಿ. ನಿಮ್ಮದು ಮೂಲಿ ಸೈಟು."

"ತಗ್ಗು ಐತಿ ಅಂತ ಯಾರೂ ಅನ್ನಲಿಲ್ಲೇನು?"

ಶರಣಬಸಮ್ಮ ಯೋಚಿಸಿದಳು. "ಇಲ್ರೀ, ಅದೊಂದು ಯಾರೂ ಅನ್ನಲಿಲ್ಲ."

ಆಷಾಢ ಹತ್ತಿರ ಬಂದಾಗ ಅಮರೇಶಪ್ಪ ಒಂದು ಸುದ್ದಿ ತಂದ. ಹೇಳುವಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ನರಹರಿ ಒಂದು ಉಪಾಯ ಕಂಡುಹಿಡಿದಿದ್ದರು: ಬೋನ ತರದ ಮನೆಯನ್ನು ಸಂಘದಿಂದ ಕೈಬಿಡುವುದು. ಆಗ ಉಳಿದ ಮನೆಗಳೇ ಎಲ್ಲ ಮನೆಗಳಾಗುತ್ತವೆ. ಕಟ್ಟಳೆಯೂ ಮುರಿಯುವುದಿಲ್ಲ, ಕೆಲಸವೂ ನಿಲ್ಲುವುದಿಲ್ಲ. ಯಾದಮ್ಮನೂ ತಲೆ ಆಡಿಸಿದ್ದಳು.

ಸೂಗಮ್ಮ ಒಲೆಯ ಮುಂದೆ ನಿಂತಿದ್ದಳು. ಒಳಗೊಳಗೇ ನರಹರಿಯವರನ್ನು ಮೆಚ್ಚಿದಳು. ಚಿತ್ರ ಬದಲಾಯಿಸಲು ಆಗದಿದ್ದರೆ ಚೌಕಟ್ಟು ಕತ್ತರಿಸಿದರಾಯಿತು. ಅವಳ ಕಚೇರಿಯಲ್ಲೂ ಇದನ್ನು ಬಲ್ಲವರಿದ್ದರು.

"ಸೈಟು ಹೋಗತೈತಿ," ಎಂದ ಅಮರೇಶಪ್ಪ. "ಹೋದರ ಹೋಗ್ಲಿ ಅಂತಿಯೇನು? ನೀ ಅಂದ್ರ ನಾನೂ ಅಂತೀನಿ. ಆದ್ರ ಒಡ್ಡು ಹೆಂಗೂ ಕಡೀತಾರ. ನಾವು ಹೊರಗ ನಿಂತು ನೋಡೂದು."

"ಹೊರಗ ನಿಲ್ಲಂಗಿಲ್ಲ," ಎಂದಳು ಸೂಗಮ್ಮ. ಒಲೆಯ ಮೇಲಿನ ಪಾತ್ರೆ ಇಳಿಸಿ ಕೇಳಿದಳು: "ಹೊಸ ಗಡಗಿ ಎಲ್ಲಿ ಸಿಗತಾವ್ರಿ?"

ಬೋನಾಲ ದಿನ ಅವಳು ಅಕ್ಕಿಗೆ ಹಾಲು ಬೆಲ್ಲ ಹಾಕಿ ಬೇಯಿಸಿದಳು. ಗಡಿಗೆಗೆ ಅರಿಸಿನ ಬಳಿದು ಬೇವಿನ ಸೊಪ್ಪು ಕಟ್ಟಿದಳು, ಬಾಯಿಗೆ ಮುಚ್ಚಳವಿಟ್ಟು ಅದರ ಮೇಲೆ ದೀಪ ಹಚ್ಚಿದಳು. ಯಾವುದನ್ನೂ ಅರ್ಧ ಮಾಡುವ ಜಾತಿಯವಳಲ್ಲ. ಶರಣಬಸಮ್ಮ ತನ್ನ ಗಡಿಗೆ ಹೊತ್ತು ಹೊರಗೆ ಬಂದವಳು ಬಾಯಿ ಬಿಟ್ಟು ನಿಂತಳು.

"ಅಯ್ಯ ಅಕ್ಕಾ! ಕೊರಳಾಗ ಲಿಂಗ ಕಟ್ಟಿಕೊಂಡು ಮೈಸಮ್ಮನ ಗಡಗಿ ಹೊತ್ತೀರಲ್ಲ!"

"ನಿನ್ನ ಕೊರಳಾಗ ಏನೈತಿ?"

"ನಂದೂ ಅದ ಐತ್ರಿ," ಎಂದು ಶರಣಬಸಮ್ಮ ನಗುತ್ತಾ ಹೆಜ್ಜೆ ಹಾಕಿದಳು. "ಆದ್ರ ನಾ ಓದಿಲ್ಲ."

ಡಪ್ಪು ಬಡಿಯುವವರು ಮುಂದೆ, ಹೆಂಗಸರು ಹಿಂದೆ. ತಲೆಯ ಮೇಲೆ ದೀಪ ಹೊತ್ತು ನಡೆಯುವಾಗ ಕತ್ತನ್ನು ಆಚೀಚೆ ತಿರುಗಿಸುವಂತಿಲ್ಲ, ಮುಂದೆ ಕಾಣುವುದನ್ನಷ್ಟೇ ನೋಡಬೇಕು. ಏರಿಯ ಮೇಲೆ ಹತ್ತುವಾಗ ಸೂಗಮ್ಮನ ಕಾಲಿಗೆ ಅದರ ಎತ್ತರ ಚೆನ್ನಾಗಿ ತಿಳಿಯಿತು. ತುದಿಯಲ್ಲಿ ನರಹರಿ ಹೊಸ ಪಂಚೆ ಉಟ್ಟು ನಿಂತಿದ್ದರು. ಅವಳ ತಲೆಯ ಮೇಲಿನ ಗಡಿಗೆ ನೋಡಿ ಅವರಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

"ಬಂದ್ರಾ ಮೇಡಂ? ಸಂತೋಷ. ಮನಸ್ತಾಪ ಇಟ್ಕೋಬೇಡಿ."

"ಮನಸ್ತಾಪ ಏನಿಲ್ರಿ. ಕೇಳಾಕ ಬಂದೀನಿ."

ಒಬ್ಬೊಬ್ಬಳೂ ಗಡಿಗೆ ಇಳಿಸಿ ಕೈಮುಗಿದು ಕೇಳುತ್ತಾ ಹೋದಳು: ಅಮ್ಮಾ, ಎದ್ದು ಹೊಸ ಗುಡಿಗೆ ಬಾ. ಕೆಲವರು ತೆಲುಗಿನಲ್ಲಿ, ಕೆಲವರು ಕನ್ನಡದಲ್ಲಿ. ಪ್ರತಿ ಮಾತಿಗೂ ಯಾದಮ್ಮ ಬೇವಿನ ಸೊಪ್ಪಿನಿಂದ ನೀರು ಚಿಮುಕಿಸುತ್ತಿದ್ದಳು. ಶರಣಬಸಮ್ಮನ ಸರದಿ ಮುಗಿಯಿತು. ಸೂಗಮ್ಮ ಮುಂದೆ ಬಂದು ಗಡಿಗೆ ಇಳಿಸಿದಳು. ದೇವಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ದೇವಿ ಯಾವ ಕಡೆ ನೋಡುತ್ತಿದ್ದಳೋ ಆ ಕಡೆ, ಸುಣ್ಣದ ಗೆರೆಗಳ ಕಡೆ, ತನ್ನದೇ ಮೂಲೆಯ ನಿವೇಶನದ ಕಡೆ ನೋಡಿದಳು.

"ಈಡನೇ ಉಂಡು ತಲ್ಲೀ, ಕದಲಕು," ಎಂದಳು. ಇಲ್ಲೇ ಇರು ತಾಯಿ, ಕದಲಬೇಡ.

ಡಪ್ಪಿನವನಿಗೂ ಕೇಳಿಸಿತು, ಅವನ ಕೈ ನಿಂತಿತು.

ಯಾದಮ್ಮನ ಕೈಯ ಸೊಪ್ಪು ಗಾಳಿಯಲ್ಲೇ ಉಳಿಯಿತು. ಮಾತು ಸರಿಯಾಗಿ ಬಾರದೆ ಹೀಗೆಂದಳೇನೋ ಎಂದು ಅವಳು ಇನ್ನೊಮ್ಮೆ ಹೇಳಲು ಸನ್ನೆ ಮಾಡಿದಳು. ಸೂಗಮ್ಮ ಇನ್ನೊಮ್ಮೆ ಹೇಳಿದಳು, ಈ ಸಲ ಗಟ್ಟಿಯಾಗಿ. ಯಾದಮ್ಮ ತನಗೆ ಬರಬೇಕಿದ್ದ ಸಿಮೆಂಟಿನ ಗುಡಿಯನ್ನು, ಗೇಟನ್ನು, ಕರೆಂಟು ದೀಪವನ್ನು ನೆನೆದು ಬೈಯಲು ಬಾಯಿ ತೆರೆದಳು, ಕಟ್ಟಳೆ ನೆನಪಾಗಿ ಮುಚ್ಚಿದಳು. ಸೊಪ್ಪನ್ನು ನೀರಿನ ಚೊಂಬಿನೊಳಗೆ ಇಟ್ಟುಬಿಟ್ಟಳು.

"ಇದು ಮೋಸ!" ಎಂದರು ನರಹರಿ.

"ಯಾರಿಗ್ರಿ? ಬಾಯಿ ಬಿಟ್ಟು ಕೇಳ್ರಿ ಅಂದ್ರಿ, ಕೇಳೀನಿ. ಬೋನ ತರಬೇಕು ಅಂದ್ರಿ, ತಂದೀನಿ. ನಿಮ್ಮ ಮಾತ ಕೇಳಬೇಕು ಅಂತ ಎಲ್ಲೂ ಇಲ್ಲ."

"ನಿಮಗೆ ದೇವರಲ್ಲಿ ನಂಬಿಕೆ ಇದೆಯಾ? ಹೇಳಿ, ಎಲ್ಲರ ಮುಂದೆ ಹೇಳಿ."

"ನಿಮಗೈತೇನ್ರಿ? ಐತಿ ಅಂದ್ರ, ಆಕಿ ಯಾಕ ಆ ಕಡೆ ನೋಡಾಕತ್ತಾಳ ಅಂತ ಒಂದು ದಿನನಾದರೂ ಕೇಳಬೇಕಿತ್ತು."

ಅವತ್ತು ಹೆಂಗಸರು ಅವಳ ಜೊತೆ ಇಳಿದು ಬರಲಿಲ್ಲ. ಅಮರೇಶಪ್ಪ ಏರಿಯ ಕೆಳಗೆ ಕಾಯುತ್ತಿದ್ದ. ಅವಳ ಖಾಲಿ ತಲೆ ನೋಡಿ, "ಆತೇನು?" ಎಂದು ಕೇಳಿದ. ಆತ್ರಿ ಎಂದಳು. ಇಬ್ಬರೂ ಬಸ್ಸಿನವರೆಗೆ ನಡೆದರು. ದಾರಿಯಲ್ಲಿ ಅವನು, ಬೇವಿನ ಸೊಪ್ಪು ಕೂದಲಲ್ಲಿ ಸಿಕ್ಕಿಕೊಂಡಿದೆ ಎಂದು ತೆಗೆದುಹಾಕಿದ. ಅದಕ್ಕಿಂತ ಹೆಚ್ಚಿನದನ್ನು ಅವನಿಂದ ಅವಳೂ ಬಯಸಿರಲಿಲ್ಲ.

ಆ ವರ್ಷ ಮಳೆ ಬಂತು. ಅದರಲ್ಲಿ ಪವಾಡವೇನಿಲ್ಲ, ಬರದ ಕೆಲವು ವರ್ಷ ಕಳೆದ ಮೇಲೆ ಬರುವ ಸಾಧಾರಣ ಮಳೆ. ಹಸ್ತಾ ನಕ್ಷತ್ರದ ಹೊತ್ತಿಗೆ ಸುಣ್ಣದ ಗೆರೆಗಳು ಕಾಣದಾದವು. ಅಮರೇಶಪ್ಪನ ಪಡಸಾಲೆ, ದೇವರ ಜಗಲಿ, ದಾಳಿಂಬೆ ಗಿಡ ಎಲ್ಲವೂ ಇರಬೇಕಾದಲ್ಲಿ ಸೊಂಟದ ಮಟ್ಟ ನೀರು ನಿಂತು, ಅದರಲ್ಲಿ ಬಾತುಗಳು ಈಜುತ್ತಿದ್ದವು. ಸಂಘದವರೆಲ್ಲ ಕೊಡೆ ಹಿಡಿದು ಬಂದು ಏರಿಯ ಮೇಲೆ ನಿಂತರು. ಸೂಗಮ್ಮನೂ ಬಂದಳು.

"ರಸ್ತೆ ಮೋರಿ ಕಟ್ಟಿಕೊಂಡಿದೆ," ಎಂದರು ನರಹರಿ. "ಅದನ್ನ ಬಿಡಿಸಿದ್ರೆ ಇಷ್ಟು ನಿಲ್ಲೋದಿಲ್ಲ." ಎರಡು ಮನೆತನ ರಾಜಿಯಾಗಿದ್ದಕ್ಕೆ ಅಮ್ಮ ನೀರು ಕೊಟ್ಟಳು ಎಂದಳು ಯಾದಮ್ಮ. ಸೂಗಮ್ಮಕ್ಕ ಬೋನ ಕೊಟ್ಟು ಅಡ್ಡ ಕೇಳಿದ್ದಕ್ಕೇ ಹೀಗಾಯಿತು, ಇಲ್ಲದಿದ್ದರೆ ನೀರು ಬರುತ್ತಲೇ ಇರಲಿಲ್ಲ ಎಂದು ಶರಣಬಸಮ್ಮ ಪಿಸುಗುಟ್ಟಿದಳು. ನೀರು ಎಲ್ಲರ ಕಣ್ಣೆದುರಿಗಿತ್ತು. ಅದನ್ನು ಕೆರೆ ಎಂದವರು ಇನ್ನೂ ಯಾರೂ ಇರಲಿಲ್ಲ.

ಸೂಗಮ್ಮ ಹೇಳುವುದನ್ನು ಚಿತ್ರ ತಿರುಗಿಸಿದ ದಿನವೇ ಹೇಳಿದ್ದಳು. ಅಮರೇಶಪ್ಪ ಮಾತ್ರ ನೀರನ್ನು ಬಹಳ ಹೊತ್ತು ನೋಡಿ, ಅವಳಿಗಷ್ಟೇ ಕೇಳುವಂತೆ, "ಪಡಸಾಲ್ಯಾಗ ಬಾತುಗೋಳಿ ಅದಾವ ನೋಡು," ಎಂದ.

ಮುಂದಿನ ಬೇಸಿಗೆಗೆ ನೀರು ಇಂಗಿತು. ನರಹರಿ ಹೊಸ ಯೋಜನೆ ತಂದರು, ಈ ಸಲ ಮೋರಿಯ ನಕ್ಷೆಯ ಜೊತೆಗೆ. ಗೋಡೆಯ ಚಿತ್ರವನ್ನು ಯಾರೋ ಮತ್ತೆ ಉತ್ತರ ಮೇಲೆ ಮಾಡಿ ಹಚ್ಚಿದ್ದರು; ಸೂಗಮ್ಮ ಹೋಗಿ ತಿರುಗಿಸಿ ಬಂದಳು. ಅವಳನ್ನು ಸಂಘದಿಂದ ತೆಗೆಯಲು ಈಗ ಆಗುತ್ತಿರಲಿಲ್ಲ, ಬೋನ ತಂದ ಮನೆ ಅವಳದು. ಮತ್ತೆ ಆಷಾಢ ಬಂತು. ಅವಳು ಮತ್ತೆ ಹೊಸ ಗಡಿಗೆ ತಂದಳು, ಮತ್ತೆ ಅದೇ ಮಾತು ಹೇಳಿದಳು. ಅದರ ಮುಂದಿನ ವರ್ಷವೂ ಹಾಗೆಯೇ. ಕೊನೆಗೆ ಸಂಘವೇ ಬೇಸತ್ತು, ನೀರು ಮುಟ್ಟದ ಎತ್ತರದ ಅಂಚಿನಲ್ಲಿದ್ದ ನಿವೇಶನಗಳಲ್ಲಷ್ಟೇ ಮನೆ ಕಟ್ಟಿಕೊಂಡಿತು. ತಗ್ಗಿನವರಿಗೆ ಬೇರೆ ಕಡೆ ಜಾಗ ಕೊಡುತ್ತೇವೆಂದರು. ಕೆಲವರಿಗೆ ಕೊಟ್ಟರು. ಅಮರೇಶಪ್ಪನ ಸರದಿ ಬರಲೇ ಇಲ್ಲ. ಅವನು ನಿವೃತ್ತನಾಗುವವರೆಗೂ ಕುಷಾಯಿಗೂಡದ ಬಾಡಿಗೆ ಮನೆಯಲ್ಲೇ ಇದ್ದ, ಮೊಳೆ ಹೊಡೆಯಲು ಮಾಲಿಕನನ್ನು ಕೇಳುತ್ತಲೇ ಇದ್ದ. ಆ ವಿಷಯವಾಗಿ ಹೆಂಡತಿಯನ್ನು ಬೈಯುವ ಹಕ್ಕನ್ನು ಅವನು ಬಿಟ್ಟುಕೊಡಲಿಲ್ಲ. ಅವಳೂ ಅದನ್ನು ಕಿತ್ತುಕೊಳ್ಳಲಿಲ್ಲ.

ಗುಡಿಯ ಮಾತು ನಿಂತುಹೋದ ಮೇಲೂ ಸೂಗಮ್ಮ ಬೋನ ನಿಲ್ಲಿಸಲಿಲ್ಲ. ನರಹರಿಯವರಲ್ಲದಿದ್ದರೆ ಇನ್ನೊಬ್ಬರು ಬರುತ್ತಾರೆ, ಊರು ಆ ಕಡೆಗೇ ಬೆಳೆಯುತ್ತಿದೆ ಎಂಬುದು ಅವಳ ಲೆಕ್ಕ. ಕೂದಲು ನೆರೆತ ಮೇಲೂ ಪ್ರತಿ ಆಷಾಢ ಏರಿ ಹತ್ತಿ, ಅದೇ ಮುರುಕು ತೆಲುಗಿನಲ್ಲಿ ಕದಲಬೇಡ ಎಂದು ಹೇಳಿ ಇಳಿಯುತ್ತಿದ್ದಳು. ಹೊಸದಾಗಿ ಬಂದವರಿಗೆ ಅವಳನ್ನು ಮೈಸಮ್ಮನ ದೊಡ್ಡ ಭಕ್ತೆ ಎಂದು ತೋರಿಸುವುದು ರೂಢಿಯಾಯಿತು. ಒಂದು ವರ್ಷ, ಹೊಸದಾಗಿ ಬಾಡಿಗೆಗೆ ಬಂದ ಬೀದರಿನ ಎಳೆಯ ಸೊಸೆಯೊಬ್ಬಳು ಏರಿಯ ಮೇಲೆ ಅವಳ ಕಾಲಿಗೆ ಬಿದ್ದು, "ಅಮ್ಮನ ಮ್ಯಾಲೆ ನಿಮ್ಮಂಥ ಭಕ್ತಿ ನನಗೂ ಬರಲಿ ಅಂತ ಆಶೀರ್ವಾದ ಮಾಡ್ರಿ, ಅಕ್ಕಾರ," ಎಂದಳು.

ಸೂಗಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಭುಜ ಹಿಡಿದು, ದೇವಿಯ ಪಕ್ಕಕ್ಕೆ, ದೇವಿ ನೋಡುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದಳು.

"ಭಕ್ತಿ ಆಮ್ಯಾಲೆ ಬರಲಿ. ಮೊದಲು ಇಲ್ಲಿ ನಿಂತು ನೋಡು. ಏನು ಕಾಣತೈತಿ ಹೇಳು."